ಉಳಿಸಿಕೊಡುವ ಉಡುಗೊರೆ

ಕೆಂಪು ನಿಲುವಂಗಿ, ಬಿಳಿಯ ಗಡ್ಡ, ಬೆನ್ನಿನ ಮೇಲೊಂದು ಚೀಲ, ಇವುಗಳಿಂದ ಮಕ್ಕಳಿಗೆಲ್ಲ ಪರಿಚಿತನಾಗಿರುವ ಕ್ರಿಸ್‌ಮಸ್ ತಾತನ ಮೂಲಪುರುಷನು ನಾಲ್ಕನೆಯ ಶತಮಾನದಲ್ಲಿ ಮೈರಾ ಎಂಬ ಪಟ್ಟಣದ ಬಿಷಪ್ಪನಾಗಿದ್ದ ಸಂತ ನಿಕೋಲಸ್. ಈ ಮೈರಾ ಇಂದಿನ ತುರ್ಕಿ ದೇಶದ ದಕ್ಷಿಣ ಕರಾವಳಿಯಲ್ಲಿದೆ. ಆತನನ್ನು ಕುರಿತ ಕಥೆಗಳಲ್ಲಿ ಎಲ್ಲಕ್ಕಿಂತ ಹೆಸರಾದುದು ಮೂವರು ಅಕ್ಕತಂಗಿಯರ ಕಥೆ. ಒಂದು ಕಾಲಕ್ಕೆ ಚೆನ್ನಾಗಿ ಬಾಳಿದ್ದ ತಂದೆಯೊಬ್ಬನು ಕೈಸೋತು, ತನ್ನ ಮೂವರು ಹೆಣ್ಣುಮಕ್ಕಳಿಗೆ ಮದುವೆ ಮಾಡಲಾರದೆ, ಅವರನ್ನು ಹೀನ ಬಾಳಿಗೆ ನೂಕಬೇಕಾದ ಸ್ಥಿತಿಗೆ ಬಂದಿದ್ದನಂತೆ. ನಿಕೋಲಸನು ರಾತ್ರಿಯ ಹೊತ್ತು ಯಾರಿಗೂ ತಿಳಿಯದಂತೆ ಅವರ ಮನೆಯ ಕಿಟಕಿಯೊಳಕ್ಕೆ ಹೊನ್ನಿನ ಚೀಲವನ್ನು ಎಸೆದು ಹೋದನು. ಹೀಗೆ ಮೂರು ಸಲ ನಡೆಯಿತು. ಮೂವರ ಮದುವೆಯೂ ಆಯಿತು. ಆ ಚೀಲ ಒಲೆಯ ಬಳಿ ಒಣಗಲು ತೂಗುಹಾಕಿದ್ದ ಕಾಲುಚೀಲದೊಳಗೆ ಬಿತ್ತೆಂದು ಹೇಳುವವರೂ ಉಂಟು. ಕ್ರಿಸ್‌ಮಸ್ ಹಿಂದಿನ ರಾತ್ರಿ ಮಕ್ಕಳು ಕಾಲುಚೀಲವನ್ನು ತೂಗುಬಿಡುವುದಕ್ಕೆ ಇದೇ ಮೂಲವೆನ್ನುತ್ತಾರೆ.

ವರದಕ್ಷಿಣೆಯನ್ನು ಒದಗಿಸಿದುದು ಇಂದಿನ ನಮ್ಮ ಮೆಚ್ಚುಗೆಗೆ ಪಾತ್ರವಾಗುವ ಸಂಗತಿಯಲ್ಲ. ನಮ್ಮಲ್ಲಿ ಅದು 1961ರಿಂದ ಕಾನೂನಿನ ಪ್ರಕಾರ ಅಪರಾಧ. ಆದರೆ ಈ ಕಥೆಯಲ್ಲಿ ಲೋಕಜ್ಞಾನದ ಒಂದು ಸೂಕ್ಷ್ಮ ಅಡಗಿದೆ. ನಿಕೋಲಸನು ಆ ಮನೆಗೆ ದಿನಕ್ಕೊಂದು ರೊಟ್ಟಿಯಂತೆ ವರ್ಷವಿಡೀ ಕಳುಹಿಸಬಹುದಾಗಿತ್ತು. ಹಾಗೆ ಮಾಡಿದ್ದರೆ ವರ್ಷ ಮುಗಿಯುವ ಹೊತ್ತಿಗೆ ಅವರು ರೊಟ್ಟಿಯನ್ನು ತಿಂದು ಇದ್ದಲ್ಲಿಯೇ ಇರುತ್ತಿದ್ದರು. ಅವನು ಕೊಟ್ಟುದು ಆ ತಂದೆ ಎಷ್ಟು ಹೆಣಗಿದರೂ ಒಂದೇ ಸಲಕ್ಕೆ ಕೂಡಿಸಲಾರದಿದ್ದ ಇಡುಗಂಟನ್ನು. ಹಬ್ಬದ ಕಾಣಿಕೆಯಿಂದ ಪಡೆದವರ ಮನೆಯ ಖರ್ಚು ಮುಂದೆಯೂ ತಗ್ಗುತ್ತ ಹೋಗಬೇಕೆಂಬ ಆಸೆಯುಳ್ಳವರು ಹಿಡಿಯಬೇಕಾದ ಎಳೆ ಇದೇ ಎಂದು ನನಗೆ ತೋರುತ್ತದೆ.

ಡಿಸೆಂಬರ್ ತಿಂಗಳು ಬಂದಿತೆಂದರೆ ಬೆಂಗಳೂರಿನ ಕಮರ್ಷಿಯಲ್ ಸ್ಟ್ರೀಟ್, ಬ್ರಿಗೇಡ್ ರಸ್ತೆ, ರಸೆಲ್ ಮಾರುಕಟ್ಟೆಗಳಲ್ಲಿ ಕಾಗದದ ನಕ್ಷತ್ರಗಳು ತೂಗುತ್ತವೆ. ಮಂಗಳೂರಿನ ಮನೆಗಳಲ್ಲಿ ಕುಸ್ವಾರಿನ ಎಣ್ಣೆ ಕಾಯುತ್ತದೆ. ನೆವ್ರಿ, ಕಿಡಿಯೊ, ಗುಲಾಬಿ ಬಿಸ್ಕತ್ತುಗಳನ್ನು ತುಂಬಿದ ತಟ್ಟೆ ನೆರೆಮನೆಗೆ ಹೋಗುತ್ತದೆ. ಆ ನೆರೆಮನೆ ಯಾವ ಮತದವರದೆಂದು ಅಲ್ಲಿ ಯಾರೂ ಕೇಳುವುದಿಲ್ಲ. ಈಚೆಗೆ ಕಚೇರಿಗಳಲ್ಲಿಯೂ ಚೀಟಿಯೆತ್ತಿ, ಹೆಸರು ಬಂದವರಿಗೆ ಗುಟ್ಟಾಗಿ ಉಡುಗೊರೆ ಕೊಡುವ ಆಟ ರೂಢಿಗೆ ಬಂದಿದೆ. ಇಷ್ಟೆಲ್ಲ ಸಡಗರದಲ್ಲಿ ನಾವು ಕೊಳ್ಳುವುದೇನು? ಚಿತ್ರದ ಚೌಕಟ್ಟು, ಪರಿಮಳದ ಮೇಣದ ಬತ್ತಿ, ಮತ್ತೊಂದು ಕಾಫಿ ಬಟ್ಟಲು. ಇವು ಎರಡು ದಿನ ಮೇಜಿನ ಮೇಲಿದ್ದು ಅಟ್ಟವನ್ನೇರುತ್ತವೆ. ಮುಂದಿನ ಡಿಸೆಂಬರಿನಲ್ಲಿ ಹೊಸ ಕಾಗದವನ್ನು ಸುತ್ತಿಸಿಕೊಂಡು ಇನ್ನೊಬ್ಬರ ಅಟ್ಟವನ್ನು ಸೇರಲು ಹೊರಡುತ್ತವೆ.

ಇದನ್ನು ಲೆಕ್ಕ ಹಾಕಿದ ಪಂಡಿತರೂ ಇದ್ದಾರೆ. ಅಮೆರಿಕದ ಅರ್ಥಶಾಸ್ತ್ರಜ್ಞ ಜೋಯೆಲ್ ವಾಲ್ಡ್‌ಫೋಗೆಲ್ 1993ರಲ್ಲಿ ಪ್ರಕಟಿಸಿದ ಒಂದು ಲೇಖನ ಪ್ರಸಿದ್ಧವಾಗಿದೆ. ಕ್ರಿಸ್‌ಮಸ್ ಉಡುಗೊರೆ ಪಡೆದ ಕಾಲೇಜು ವಿದ್ಯಾರ್ಥಿಗಳನ್ನು ಆತ ಕೇಳಿದ ಪ್ರಶ್ನೆ ಸರಳವಾದುದು: ನೆನಪು, ಮಮತೆಗಳ ಮಾತು ಹಾಗಿರಲಿ, ಈ ವಸ್ತುವನ್ನು ನೀವೇ ಕೊಳ್ಳುವುದಾಗಿದ್ದರೆ ಎಷ್ಟು ಹಣ ಕೊಡುತ್ತಿದ್ದಿರಿ? ಬಂದ ಉತ್ತರಗಳನ್ನು ಕೊಟ್ಟವರು ತೆತ್ತ ಬೆಲೆಯೊಂದಿಗೆ ಹೋಲಿಸಿದಾಗ, ಆ ಬೆಲೆಯ ಹತ್ತನೆಯ ಒಂದು ಪಾಲಿನಿಂದ ಮೂರನೆಯ ಒಂದು ಪಾಲಿನವರೆಗೆ ಗಾಳಿಗೆ ಹೋಗಿತ್ತು. ದೂರದ ಬಂಧುಗಳು ಕೊಟ್ಟ ವಸ್ತುಗಳಲ್ಲಿ ನಷ್ಟ ಹೆಚ್ಚು, ಒಡನಾಡಿಗಳು ಕೊಟ್ಟವುಗಳಲ್ಲಿ ಕಡಮೆ. ಮಮತೆಗೆ ಬೆಲೆ ಕಟ್ಟುವ ಈ ಬುದ್ಧಿ ಒಣಬುದ್ಧಿಯೆಂದು ಕೆಲವರಿಗೆ ತೋರಬಹುದು. ಆದರೆ ಹತ್ತಿರದವರ ಉಡುಗೊರೆ ಹೆಚ್ಚು ಸಾರ್ಥಕವಾಯಿತೆಂಬ ಮಾತಿನಲ್ಲಿಯೇ ಮಮತೆಯ ಬೆಲೆಯೂ ಅಡಗಿದೆಯಲ್ಲವೇ? ಅವರಿಗೆ ಮನೆಯೊಳಗಿನ ಕೊರತೆ ಗೊತ್ತಿತ್ತು.

ಅಗ್ಗದ ಬೂಟಿನ ಲೆಕ್ಕ

ಇಂಗ್ಲೆಂಡಿನ ಕಾದಂಬರಿಕಾರ ಟೆರಿ ಪ್ರ್ಯಾಚೆಟ್ 1993ರ ತನ್ನ ಒಂದು ಹಾಸ್ಯ ಕಾದಂಬರಿಯಲ್ಲಿ ಪಾತ್ರವೊಂದರ ತಲೆಯಲ್ಲಿ ಹೀಗೊಂದು ವಿಚಾರವನ್ನಿಟ್ಟಿದ್ದಾನೆ. ಹಣವಂತನು ಐವತ್ತು ಡಾಲರಿನ ಬೂಟನ್ನು ಕೊಂಡು ಹತ್ತು ವರ್ಷ ಮೆಟ್ಟುತ್ತಾನೆ. ಬಡವನು ಹತ್ತು ಡಾಲರಿನ ಬೂಟನ್ನು ಕೊಳ್ಳುತ್ತಾನೆ, ಅದು ಒಂದೆರಡು ಮಳೆಗಾಲದಲ್ಲಿ ಹರಿಯುತ್ತದೆ. ಹತ್ತು ವರ್ಷ ಕಳೆಯುವಷ್ಟರಲ್ಲಿ ಬಡವನು ಎರಡರಷ್ಟು ಹಣ ತೆತ್ತಿರುತ್ತಾನೆ, ಕಾಲು ಮಾತ್ರ ಒದ್ದೆಯಾಗಿಯೇ ಇರುತ್ತದೆ. ಕಥೆಯ ಊರು ಕಲ್ಪನೆಯದಾದರೂ ಲೆಕ್ಕ ನಮ್ಮೂರಿನದೇ. ಮಕ್ಕಳ ಶಾಲೆಯ ಬೂಟನ್ನೂ ಚೀಲವನ್ನೂ ವರ್ಷಕ್ಕೆರಡು ಸಲ ಕೊಂಡ ತಾಯಿತಂದೆಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಳ್ಳೆಯದು ಕೊನೆಗೆ ಅಗ್ಗವೆಂದು ಅವರಿಗೆ ತಿಳಿಯದೆಂದಲ್ಲ. ಜೂನ್ ತಿಂಗಳ ಮೊದಲ ವಾರದಲ್ಲಿ ಅಷ್ಟು ಹಣ ಒಟ್ಟಿಗೆ ಕೈಯಲ್ಲಿರುವುದಿಲ್ಲ.

ಹೀಗಿರುವುದರಿಂದ, ಉಳಿತಾಯ ಮಾಡಿಸುವ ಉಡುಗೊರೆಯೆಂದರೆ ಮೊದಲಿಗೆ ಹೆಚ್ಚು ಬೆಲೆಯಾಗಿ ಆಮೇಲೆ ಪ್ರತಿ ತಿಂಗಳೂ ಖರ್ಚು ತಗ್ಗಿಸುವ ವಸ್ತು. ಆ ಮೊದಲ ಬೆಲೆಯ ಹೊರೆಯನ್ನು ಕೊಡುವವನು ಹೊರುತ್ತಾನೆ. ತಿಂಗಳ ಲಾಭ ಪಡೆದವರದಾಗುತ್ತದೆ.

ವಿದ್ಯುತ್ ದೀಪದ ವಿಷಯದಲ್ಲಿ ಈ ಕೆಲಸ ಬಹುಮಟ್ಟಿಗೆ ಮುಗಿದುಹೋಗಿದೆ. 2015ರಲ್ಲಿ ಆರಂಭವಾದ ಉಜಾಲಾ ಯೋಜನೆಯಲ್ಲಿ ಮೂವತ್ತಾರು ಕೋಟಿಗೂ ಹೆಚ್ಚು ಎಲ್‌ಇಡಿ ಬಲ್ಬುಗಳು ದೇಶದ ಮನೆಗಳನ್ನು ಸೇರಿದುವು. ಪಂಖದ ವಿಷಯ ಹಾಗಲ್ಲ. ನಮ್ಮ ಚಾವಣಿಗಳಿಂದ ತೂಗುತ್ತಿರುವ ಹಳೆಯ ಪಂಖಗಳಲ್ಲಿ ಹೆಚ್ಚಿನವು ಸುಮಾರು 75 ವಾಟ್ ವಿದ್ಯುತ್ತನ್ನು ಬೇಡುತ್ತವೆ. ಬಿ.ಎಲ್.ಡಿ.ಸಿ. ಎಂಬ ಹೊಸ ಬಗೆಯ ಮೋಟಾರಿನಲ್ಲಿ ತಿರುಗುವ ಭಾಗಕ್ಕೆ ಶಾಶ್ವತ ಅಯಸ್ಕಾಂತವನ್ನು ಅಳವಡಿಸಿರುತ್ತಾರೆ; ವಿದ್ಯುತ್ತಿನ ಪಾಲೊಂದು ಬರಿಯ ಬಿಸಿಯಾಗಿ ಹೋಗುವುದು ತಗ್ಗಿ, ಅದೇ ಗಾಳಿಗೆ ಸುಮಾರು 30 ವಾಟ್ ಸಾಕಾಗುತ್ತದೆ. ದಿನಕ್ಕೆ ಹನ್ನೆರಡು ಗಂಟೆಯಂತೆ ವರ್ಷದಲ್ಲಿ 250 ದಿನ ತಿರುಗುವ ಒಂದು ಪಂಖಕ್ಕೆ ಈ 45 ವಾಟಿನ ಅಂತರ 135 ಯೂನಿಟ್ಟುಗಳಾಗುತ್ತದೆ. ಯೂನಿಟ್ಟಿಗೆ 6 ರೂಪಾಯಿಯೆಂದು ಹಿಡಿದರೆ 810 ರೂಪಾಯಿ. ಸಾಮಾನ್ಯ ಪಂಖಕ್ಕಿಂತ ಒಂದೂವರೆ ಸಾವಿರ ಹೆಚ್ಚು ಕೊಟ್ಟಿದ್ದರೂ ಎರಡು ವರ್ಷದೊಳಗೆ ಅದು ಹಿಂದಿರುಗುತ್ತದೆ. ಮಂಗಳೂರು, ಉಡುಪಿಗಳ ಸೆಕೆಯಲ್ಲಿ ಪಂಖ ದಿನಕ್ಕೆ ಹದಿನಾರು ಗಂಟೆಯಂತೆ ವರ್ಷದ ಬಹುಪಾಲು ತಿರುಗುವುದುಂಟು. ಅಲ್ಲಿ ಇದೇ ಅಂತರ 240 ಯೂನಿಟ್ಟಿನವರೆಗೆ ಹೋಗುತ್ತದೆ. ಅಂದರೆ ಬೆಂಗಳೂರಿನ ಸೋದರಳಿಯನು ಮಂಗಳೂರಿನ ಅತ್ತೆಗೆ ಇದನ್ನು ಕೊಡುವುದು ಜಾಣತನ. ಅತ್ತೆ ಅಳಿಯನಿಗೆ ಕೊಡುವುದು ಅಷ್ಟಕ್ಕಷ್ಟೆ.

ಇಲ್ಲೊಂದು ತೊಡಕನ್ನೂ ಹೇಳಬೇಕು. ಕರ್ನಾಟಕದಲ್ಲಿ 2023ರಲ್ಲಿ ಗೃಹಜ್ಯೋತಿ ಯೋಜನೆ ಬಂದಿತು. ಮನೆಯ ಹಿಂದಿನ ಬಳಕೆಯ ಸರಾಸರಿಗೆ ಸ್ವಲ್ಪ ಸೇರಿಸಿ, ತಿಂಗಳಿಗೆ 200 ಯೂನಿಟ್ಟಿನ ಮಿತಿಯೊಳಗೆ, ವಿದ್ಯುತ್ತನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಅದು. ಬಳಕೆ 200ನ್ನು ದಾಟಿದರೆ ಆ ತಿಂಗಳ ಇಡೀ ಬಿಲ್ಲನ್ನು ಕಟ್ಟಬೇಕು. ಇಂಥ ಸಂದರ್ಭದಲ್ಲಿ ತಿಂಗಳಿಗೆ 80 ಯೂನಿಟ್ ಬಳಸುವ ಮನೆಗೆ ಹೊಸ ಪಂಖದಿಂದ ಕೈಗೆ ಬರುವ ಹಣ ಶೂನ್ಯ. ಬೇಸಗೆಯಲ್ಲಿ 205, 210 ಎಂದು ಗೆರೆಯನ್ನು ತುಳಿಯುವ ಮನೆಗೆ ಅದೇ ಪಂಖ ಇಡೀ ಬಿಲ್ಲನ್ನೇ ಉಳಿಸಬಲ್ಲದು. ಒಂದೇ ವಸ್ತು, ಒಂದೇ ಬೆಲೆ, ಒಂದು ಮನೆಯಲ್ಲಿ ಅಲಂಕಾರ, ಮತ್ತೊಂದು ಮನೆಯಲ್ಲಿ ಸಂಪಾದನೆ. ಅಂಗಡಿಯವನನ್ನು ಕೇಳಿ ಉಪಯೋಗವಿಲ್ಲ. ಅತ್ತೆಯ ಮನೆಯ ಗೋಡೆಗೆ ಸಿಕ್ಕಿಸಿರುವ ಹಳೆಯ ಬಿಲ್ಲುಗಳನ್ನು ನೋಡಬೇಕು.

ಇಂಧನವನ್ನು ಉಡುಗೊರೆಯಾಗಿ ಕೊಡುವುದು ಕ್ರಿಸ್‌ಮಸ್ ಹಬ್ಬಕ್ಕೆ ಹೊಸದಲ್ಲ. 1853ರಲ್ಲಿ ಪ್ರಕಟವಾದ ಇಂಗ್ಲಿಷಿನ ಒಂದು ಹೆಸರಾಂತ ಕ್ರಿಸ್‌ಮಸ್ ಗೀತೆಯಲ್ಲಿ ವೆನ್ಸೆಸ್ಲಾಸ್ ದೊರೆ, ಹಿಮದಲ್ಲಿ ಪುಳ್ಳೆಯಾಯುತ್ತಿದ್ದ ಬಡವನಿಗೆ ಊಟದ ಜೊತೆಗೆ ಸೌದೆಯನ್ನೂ ಹೊರಿಸಿಕೊಂಡು ಹೋಗುತ್ತಾನೆ. ನಾವು ಸೌದೆಯ ಬದಲು ಸೌದೆ ಉಳಿಸುವ ಪಾತ್ರೆಯನ್ನು ಕೊಡಬಹುದು. ಒತ್ತಡದ ಪಾತ್ರೆಯನ್ನು ಫ್ರೆಂಚ್ ವಿಜ್ಞಾನಿ ಡೆನಿಸ್ ಪಾಪ್ಯಾ 1679ರಲ್ಲಿಯೇ ರೂಪಿಸಿದ್ದನು. ಬೆಂಗಳೂರಿನಂಥ ಎತ್ತರದ ಊರಿನಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಯಲ್ಲಿಯೇ ಕುದಿಯುತ್ತದೆ. ತೊಗರಿಬೇಳೆ ಎಷ್ಟು ಹೊತ್ತಾದರೂ ಮೊಂಡಾಟ ಹೂಡುವುದಕ್ಕೆ ಇದೂ ಒಂದು ಕಾರಣ. ಕುಕ್ಕರಿನೊಳಗೆ ಶಾಖ 120 ಡಿಗ್ರಿಯ ಸಮೀಪಕ್ಕೆ ಏರುವುದರಿಂದ ಬೇಯುವ ಕಾಲ ಅರ್ಧಕ್ಕೂ ಕಡಮೆಯಾಗುತ್ತದೆ. ಅನ್ನ, ಬೇಳೆ, ಪಲ್ಯಗಳನ್ನು ಅಡಕುಪಾತ್ರೆಗಳಲ್ಲಿಟ್ಟು ಒಂದೇ ಉರಿಯಲ್ಲಿ ಬೇಯಿಸುವ ಉಪಾಯವೂ ಹಳೆಯದೇ. ಕಲ್ಕತ್ತೆಯ ಇಂದುಮಾಧವ ಮಲ್ಲಿಕ್ 1910ರಲ್ಲಿ ಕಂಡುಹಿಡಿದ ಇಕ್‌ಮಿಕ್ ಕುಕ್ಕರನ್ನು ನಮ್ಮ ಅಜ್ಜಂದಿರಲ್ಲಿ ಕೆಲವರು ರೈಲಿನಲ್ಲಿಯೂ ಹೊತ್ತು ತಿರುಗಿದ್ದುಂಟು. ತಿಂಗಳಿಗೊಂದು ಅನಿಲದ ಸಿಲಿಂಡರು ಮುಗಿಯುತ್ತಿದ್ದ ಮನೆಯಲ್ಲಿ ಅದು ನಲವತ್ತು ದಿನ ಬಂದರೆ ವರ್ಷಕ್ಕೆ ಹನ್ನೆರಡರ ಬದಲು ಒಂಬತ್ತು ಸಾಕು.

ಕುಕ್ಕರು ಇಲ್ಲದ ಮನೆ ಎಲ್ಲಿದೆ ಎಂದು ವಾಚಕರು ಕೇಳಬಹುದು. ಇದ್ದೂ ಕೆಲಸಕ್ಕೆ ಬಾರದ ಮನೆಗಳು ಹಲವಾರಿವೆ. ರಬ್ಬರಿನ ಉಂಗುರ ಸಡಿಲವಾಗಿ ಬದಿಯಿಂದ ಹಬೆ ಸೋರುತ್ತಿರುವ ಕುಕ್ಕರಿಗೆ ಉಂಗುರ, ಸುರಕ್ಷಾ ಗುಂಡಿ, ಹಿಡಿಯ ಮೊಳೆಗಳನ್ನು ತಂದು ಜೋಡಿಸಿಕೊಟ್ಟರೆ ಕೆಲವು ನೂರು ರೂಪಾಯಿಗಳಲ್ಲಿ ಹೊಸ ಪಾತ್ರೆ ಕೊಟ್ಟಂತಾಯಿತು. ರಿಪೇರಿಯನ್ನು ಉಡುಗೊರೆಯೆಂದು ಎಣಿಸದಿರುವುದು ನಮ್ಮ ಕಾಲದ ಒಂದು ದೊಡ್ಡ ದಡ್ಡತನ.

ಬೆಂಗಳೂರಿನ ಅನೇಕ ಬಡಾವಣೆಗಳಲ್ಲಿ ಇಪ್ಪತ್ತು ಲೀಟರಿನ ಕ್ಯಾನಿನ ನೀರು ಹಾಲು, ಪತ್ರಿಕೆಗಳಂತೆ ವರ್ತನೆಯ ಖರ್ಚಾಗಿಹೋಗಿದೆ. ಕ್ಯಾನಿಗೆ 40 ರೂಪಾಯಿ, ವಾರಕ್ಕೆ ಮೂರು ಎಂದು ಹಿಡಿದರೆ ವರ್ಷಕ್ಕೆ 6,240 ರೂಪಾಯಿಯಾಯಿತು. ಕಾವೇರಿಯ ನೀರು ಬರುವ ಮನೆಗೆ ಕ್ಯಾಂಡಲ್ ಇರುವ ಉಕ್ಕಿನ ಶೋಧಕವೊಂದನ್ನು ಕೊಟ್ಟರೆ ಇದರಲ್ಲಿ ಬಹುಪಾಲು ಉಳಿಯುತ್ತದೆ. ಕೊಳವೆಬಾವಿಯ ಗಡಸು ನೀರಿಗೆ ಮಾತ್ರ ಅದು ಸಾಲದು; ನೀರಿನಲ್ಲಿ ಕರಗಿರುವ ಲವಣವನ್ನು ಕ್ಯಾಂಡಲ್ ಹಿಡಿದಿಡಲಾರದು.

ಹರೆಯದ ಮಗನಿಗೋ ಅಳಿಯನಿಗೋ ಏನು ಕೊಡುವುದೆಂದು ತಿಳಿಯದೆ ಸುಗಂಧದ ಸೀಸೆಯನ್ನು ಕೊಳ್ಳುವ ಹಿರಿಯರಿಗೆ ಒಂದು ಸೂಚನೆ. ಗಿಲೆಟ್ ಎಂಬಾತ 1904ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ, ಎರಡಂಚಿನ ತೆಳ್ಳನೆಯ ಬ್ಲೇಡನ್ನು ಸಿಕ್ಕಿಸುವ ಕ್ಷೌರದ ಸಾಧನ ಇಂದಿಗೂ ತಯಾರಾಗುತ್ತಿದೆ. ಲೋಹದ ಹಿಡಿ ಒಂದು ಆಯುಸ್ಸಿಗೆ ಸಾಕು. ಬ್ಲೇಡಿನ ಬೆಲೆ ಕೆಲವೇ ರೂಪಾಯಿ. ಹಲವು ಅಲಗುಗಳ ಹೊಸ ತಲೆಯೊಂದರ ಬೆಲೆಗೆ ಇವು ಹತ್ತಾರು ಬರುತ್ತವೆ. ಮೊದಲ ವಾರ ಗಲ್ಲದ ಮೇಲೆ ಒಂದೆರಡು ಗೀರು ಬಿದ್ದೀತು, ಅಷ್ಟೇ.

ಹೊಲಿಗೆಯ ಯಂತ್ರದ ಕಥೆ

ಖರ್ಚನ್ನು ಉಳಿಸುವುದಷ್ಟೇ ಅಲ್ಲದೆ ಗಳಿಕೆಯನ್ನೂ ತರುವ ಗೃಹೋಪಯೋಗಿ ವಸ್ತುಗಳಲ್ಲಿ ಹೊಲಿಗೆಯ ಯಂತ್ರಕ್ಕೆ ಹಿರಿಯ ಸ್ಥಾನವಿದೆ. ಐಸಾಕ್ ಸಿಂಗರ್ 1851ರಲ್ಲಿ ತನ್ನ ಯಂತ್ರಕ್ಕೆ ಪೇಟೆಂಟ್ ಪಡೆದಾಗ ಕೊಳ್ಳುವವರು ಹಿಂಜರಿದರು. ಬೆಲೆ ನೂರು ಡಾಲರಿನ ಆಸುಪಾಸಿನಲ್ಲಿತ್ತು. ಅಂದಿನ ಸಾಮಾನ್ಯ ಕುಟುಂಬಕ್ಕೆ ಅದು ಹಲವು ತಿಂಗಳುಗಳ ಆದಾಯ. ಆತನ ಪಾಲುದಾರ ಎಡ್ವರ್ಡ್ ಕ್ಲಾರ್ಕ್ 1856ರಲ್ಲಿ ಕಂತಿನ ಮಾರಾಟವನ್ನು ಆರಂಭಿಸಿದನು. ಮೊದಲು ಐದು ಡಾಲರು, ಆಮೇಲೆ ತಿಂಗಳಿಗಿಷ್ಟು. ಯಂತ್ರ ಮನೆಗೆ ಬಂದು, ತಾನೇ ದುಡಿದು, ತನ್ನ ಕಂತನ್ನು ತಾನೇ ತೀರಿಸತೊಡಗಿತು. ಅಡ್ಡಿಯಾಗಿದ್ದುದು ಯಂತ್ರದ ಬೆಲೆಗಿಂತ ಹೆಚ್ಚಾಗಿ, ಆ ಬೆಲೆಯನ್ನು ಒಮ್ಮೆಗೇ ಕೊಡಬೇಕಾಗಿದ್ದುದು.

ಯಂತ್ರಗಳನ್ನು ಅಷ್ಟಾಗಿ ಮೆಚ್ಚದ ಗಾಂಧೀಜಿ ಈ ಒಂದಕ್ಕೆ ವಿನಾಯಿತಿ ಕೊಟ್ಟಿದ್ದರು. 1924ರಲ್ಲಿ ವಿದ್ಯಾರ್ಥಿಯೊಬ್ಬನು ಅವರನ್ನು ಯಂತ್ರಗಳ ವಿಷಯವಾಗಿ ಪ್ರಶ್ನಿಸಿದಾಗ, ಸಿಂಗರ್ ತನ್ನ ಹೆಂಡತಿ ಕೈಯಿಂದ ಹೊಲಿಯುವ ಬೇಸರದ ಕೆಲಸವನ್ನು ಕಂಡು, ಅವಳ ಮೇಲಿನ ಪ್ರೀತಿಯಿಂದ ಯಂತ್ರವನ್ನು ಕಲ್ಪಿಸಿದನೆಂಬ ಕಥೆಯನ್ನು ಅವರು ಉದಾಹರಿಸಿದರು. ನಿಜವಾದ ಸಿಂಗರ್ ಅಷ್ಟು ಸಾಧು ಗೃಹಸ್ಥನೇನೂ ಆಗಿರಲಿಲ್ಲ. ಅವನ ಸಂಸಾರಗಳು ಒಂದಕ್ಕಿಂತ ಹೆಚ್ಚಾಗಿದ್ದುವು, ದೃಷ್ಟಿ ಹಣದ ಮೇಲಿತ್ತು. ಆದರೆ ಗಾಂಧೀಜಿಯ ಕಥೆಯಲ್ಲಿರುವ ತತ್ತ್ವ ಕೆಡುವುದಿಲ್ಲ. ಯಾರ ಶ್ರಮ ತಗ್ಗುತ್ತದೆ ಎಂಬುದನ್ನು ಅವರು ಕೇಳಿದರು.

ನಾವೂ ಅದನ್ನು ಕೇಳಬೇಕು. ಹೆಂಡತಿಗೆ ಕ್ರಿಸ್‌ಮಸ್ ಬೆಳಗ್ಗೆ ರಂಗುರಂಗಿನ ಕಾಗದದಲ್ಲಿ ಸುತ್ತಿ ಬಾಣಲೆಯನ್ನು ಕೊಡುವ ಗಂಡನು ಕೊಟ್ಟಿರುವುದು ಉಡುಗೊರೆಯನ್ನೋ, ಅಪ್ಪಣೆಯನ್ನೋ? ಬಾಣಲೆ ಮನೆಯದು, ಅದರಲ್ಲಿ ಬೇಯುವುದನ್ನು ಎಲ್ಲರೂ ತಿನ್ನುತ್ತಾರೆ. ಅದನ್ನು ಮನೆಯ ಖರ್ಚಿನ ಪುಸ್ತಕದಲ್ಲಿ ಬರೆದು, ಆಕೆಗೆ ಬೇರೆ ಏನನ್ನಾದರೂ ತರುವುದು ನ್ಯಾಯ. ಆಕೆಯೇ ತನಗೆಂದು ಬಯಸಿದ ಯಂತ್ರವಾದರೆ ಮಾತು ಬೇರೆ. ಗಂಡನ ಪೆಟ್ಟಿಗೆಯಿಂದ ಆತನಿಗೊಂದು ಇಸ್ತ್ರಿ ಪೆಟ್ಟಿಗೆ ಹೊರಬಿದ್ದರೂ ಕೆಟ್ಟದ್ದೇನೂ ಆಗದು. ಅಂಗಿಯೊಂದಕ್ಕೆ ಇಷ್ಟೆಂದು ಇಸ್ತ್ರಿಯವನಿಗೆ ಕೊಡುವ ಹಣ ಉಳಿದು, ಯಾರ ಅಂಗಿಯನ್ನು ಯಾರು ಇಸ್ತ್ರಿ ಮಾಡಬೇಕೆಂಬ ಪ್ರಶ್ನೆಯೂ ಇತ್ಯರ್ಥವಾಗುತ್ತದೆ.

ಮನೆಗೆಲಸಕ್ಕೆ ಬರುವಾಕೆಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಕುಕ್ಕರನ್ನು ಕೈಗಿಟ್ಟು, ಜನವರಿಯಲ್ಲಿ ಮಾಡಬೇಕಾದ ಸಂಬಳದ ಹೆಚ್ಚಳವನ್ನು ಮುಂದಿನ ವರ್ಷಕ್ಕೆ ತಳ್ಳುವ ಸಜ್ಜನರು ನಮ್ಮಲ್ಲಿದ್ದಾರೆ. ಅದು ಉಡುಗೊರೆಯಲ್ಲ, ಲಾಭದ ವ್ಯಾಪಾರ. ಅವಳಿಗೆ ಸಲ್ಲಬೇಕಾದುದು ಸಂದ ಮೇಲೆ ಕೊಡುವುದು ಮಾತ್ರ ಉಡುಗೊರೆಯೆನಿಸುತ್ತದೆ.

ಹಾಗೆ ಕೊಡಬೇಕೆನ್ನುವವರಿಗೆ, ಉಳಿತಾಯದ ದೃಷ್ಟಿಯಿಂದ ಪಂಖ, ಕುಕ್ಕರುಗಳನ್ನೆಲ್ಲ ಮೀರಿಸುವ ಒಂದು ಉಡುಗೊರೆಯಿದೆ. ಅದು ಯಾವ ಅಂಗಡಿಯಲ್ಲಿಯೂ ಸಿಗುವುದಿಲ್ಲ. ಬಡ ಬಡಾವಣೆಗಳಲ್ಲಿ ನೂರಕ್ಕೆ ತಿಂಗಳಿಗೆ ಐದು ರೂಪಾಯಿ ಬಡ್ಡಿಯ ಸಾಲ ಅಪರೂಪವಲ್ಲ. ವಿಪರೀತ ಬಡ್ಡಿಯನ್ನು ನಿಷೇಧಿಸುವ ಕಾನೂನು ನಮ್ಮ ರಾಜ್ಯದಲ್ಲಿ 2004ರಲ್ಲಿಯೇ ಬಂದಿದ್ದರೂ ತುರ್ತಿನಲ್ಲಿರುವವರು ಕಾನೂನಿನ ಪುಸ್ತಕವನ್ನು ತೆರೆದು ನೋಡುವುದಿಲ್ಲ. ಮಗುವಿನ ಕಾಯಿಲೆಗೋ ಶಾಲೆಯ ಶುಲ್ಕಕ್ಕೋ ತಂದ 10,000 ರೂಪಾಯಿಗೆ ತಿಂಗಳಿಗೆ 500, ವರ್ಷಕ್ಕೆ 6,000 ರೂಪಾಯಿ ಬಡ್ಡಿ. ಅಸಲು ಮಾತ್ರ ಹಾಗೆಯೇ ನಿಂತಿರುತ್ತದೆ. ಅವಳು ಪ್ರತಿ ತಿಂಗಳೂ ಐನೂರು ಕಟ್ಟಬಲ್ಲಳು, ಕಟ್ಟುತ್ತಲೂ ಇದ್ದಾಳೆ. ಹತ್ತು ಸಾವಿರವನ್ನು ಒಮ್ಮೆಗೆ ಕಟ್ಟಲಾರಳು. ಅವಳು ಕೆಲಸ ಮಾಡುವ ನಾಲ್ಕು ಮನೆಯವರು ತಲೆಗೆ ಎರಡೂವರೆ ಸಾವಿರ ಹಾಕಿ ಆ ಅಸಲನ್ನು ತೀರಿಸಿಬಿಟ್ಟರೆ, ಅಂದಿನಿಂದ ತಿಂಗಳಿಗೆ ಐನೂರು ರೂಪಾಯಿ ಅವಳದಾಗುತ್ತದೆ. ಹತ್ತು ಸಾವಿರ ಹಾಕಿದರೆ ವರ್ಷಕ್ಕೆ ಆರು ಸಾವಿರ ಹಿಂದಿರುಗಿಸುವ ಪಂಖವನ್ನು ಯಾವ ಕಾರ್ಖಾನೆ ತಯಾರಿಸಬಲ್ಲದು? ಗಿರವಿಯಿಟ್ಟ ಓಲೆಯನ್ನು ಬಿಡಿಸಿಕೊಡುವುದೂ ಇದೇ ಬಗೆಯದು. ಆ ಓಲೆ ಹಬ್ಬದ ದಿನ ಅವಳ ಕಿವಿಯಲ್ಲಿಯೂ ಇರುತ್ತದೆ. ಹಣವನ್ನು ಅವಳ ಮುಂದೆಯೇ ಎಣಿಸಿ, ಸಾಲಪತ್ರವನ್ನು ಹಿಂದಕ್ಕೆ ಪಡೆಯುವವರೆಗೆ ಜೊತೆಗಿದ್ದರೆ ಲೇಸು. ಯಾರು ಕೊಟ್ಟರೆಂಬುದನ್ನು ಬೀದಿಗೆ ಸಾರಬೇಕಾಗಿಲ್ಲ. ನಿಕೋಲಸನು ರಾತ್ರಿಯ ಹೊತ್ತು ಹೋದುದಕ್ಕೆ ಕಾರಣವಿತ್ತು.

ಮಕ್ಕಳ ಕೈಗೆ

ಮಕ್ಕಳಿಗೆ ಉಳಿತಾಯದ ಉಡುಗೊರೆ ಕೊಡುವುದು ಕಷ್ಟದ ಕೆಲಸ. ಐದು ವರ್ಷದ ಹುಡುಗಿಗೆ ಕ್ರಿಸ್‌ಮಸ್ ದಿನ ಅಂಚೆ ಕಚೇರಿಯ ಪಾಸುಪುಸ್ತಕವನ್ನು ಕೊಟ್ಟು ನೋಡಿ. ಅವಳ ಮುಖವನ್ನು ನೀವು ಬಹುಕಾಲ ಮರೆಯಲಾರಿರಿ. ಆದುದರಿಂದ ಒಂದು ಗೊಂಬೆಯೋ ಚಿತ್ರದ ಪುಸ್ತಕವೋ ಜೊತೆಗೆ ಇರಲೇಬೇಕು. ಪಾಸುಪುಸ್ತಕವನ್ನು ತಾಯಿಯ ಕೈಗೆ ಕೊಡುವುದು.

2015ರ ಜನವರಿಯಲ್ಲಿ ಆರಂಭವಾದ ಸುಕನ್ಯಾ ಸಮೃದ್ಧಿ ಖಾತೆಯನ್ನು ಹತ್ತು ವರ್ಷದೊಳಗಿನ ಹೆಣ್ಣುಮಗುವಿನ ಹೆಸರಿನಲ್ಲಿ ತಂದೆತಾಯಿಯೋ ಪೋಷಕರೋ ತೆರೆಯಬಹುದು. ವರ್ಷಕ್ಕೆ ಕನಿಷ್ಠ 250 ರೂಪಾಯಿಯಂತೆ ಹದಿನೈದು ವರ್ಷ ಕಟ್ಟಬೇಕು; ತೆರೆದ ದಿನದಿಂದ ಇಪ್ಪತ್ತೊಂದು ವರ್ಷಕ್ಕೆ ಖಾತೆ ಪಕ್ವವಾಗುತ್ತದೆ. ಹುಡುಗಿಗೆ ಹದಿನೆಂಟು ತುಂಬಿದ ಮೇಲೆ ಓದಿಗೆಂದು ಅರ್ಧದವರೆಗೆ ತೆಗೆಯಲೂ ಬಹುದು. ಬಡ್ಡಿಯ ದರವನ್ನು ಸರ್ಕಾರ ಕಾಲಕಾಲಕ್ಕೆ ಗೊತ್ತುಪಡಿಸುತ್ತದೆ. 2024ರ ಜನವರಿಯಲ್ಲಿ ಅದನ್ನು ಶೇಕಡಾ 8.2 ಎಂದು ನಿಗದಿಮಾಡಿದ್ದರು. ಲೆಕ್ಕಕ್ಕೆ ಶೇಕಡಾ 8 ಎಂದೇ ಇಟ್ಟುಕೊಳ್ಳೋಣ. ಸೋದರಮಾವನು ಪ್ರತಿ ಕ್ರಿಸ್‌ಮಸ್ಸಿಗೆ ಒಂದು ಸಾವಿರದಂತೆ ಹದಿನೈದು ವರ್ಷ ಕೊಟ್ಟ 15,000 ರೂಪಾಯಿ ಕೊನೆಗೆ ಸುಮಾರು 46,500 ಆಗುತ್ತದೆ. ಅದೇ ಸಾವಿರದ ಬ್ಯಾಟರಿ ಆಟಿಕೆ ಜನವರಿಯಲ್ಲಿ ಒಂದು ಗಾಲಿಯನ್ನು ಕಳೆದುಕೊಂಡು, ಮಾರ್ಚಿಯಲ್ಲಿ ಗುಜರಿಯವನನ್ನು ಕಾಯುತ್ತಿರುತ್ತದೆ.

ಮೊದಲ ಕ್ರಿಸ್‌ಮಸ್ ಆಚರಿಸುವ ಎಳೆಗೂಸಿಗಾದರೆ ಕೆಲಸ ಸುಲಭ. ಬಳಸಿ ಎಸೆಯುವ ಡಯಾಪರು ದಿನಕ್ಕೆ ಐದು, ಒಂದಕ್ಕೆ ಹತ್ತು ರೂಪಾಯಿಯೆಂದರೂ ತಿಂಗಳಿಗೆ ಒಂದೂವರೆ ಸಾವಿರ. ಒಗೆದು ಬಳಸುವ ಹತ್ತಿಯ ಲಂಗೋಟಿಗಳ ಒಂದು ಕಟ್ಟು ಆ ಖರ್ಚಿನ ದೊಡ್ಡ ಪಾಲನ್ನು ನುಂಗಿಹಾಕುತ್ತದೆ. ಒಗೆಯುವವರು ಯಾರು ಎಂಬ ಪ್ರಶ್ನೆಯನ್ನು ಮಾತ್ರ ಮೇಲೆ ಹೇಳಿದ ಬಾಣಲೆಯ ನ್ಯಾಯದಂತೆ ಮೊದಲೇ ತೀರ್ಮಾನಿಸಿಕೊಳ್ಳಬೇಕು.

ಉಳಿಸುವಂತೆ ನಟಿಸಿ ಖರ್ಚು ಹೆಚ್ಚಿಸುವ ವಸ್ತುಗಳ ವಿಷಯವನ್ನೂ ಹೇಳದಿರಲಾಗದು. ಸಯಾಮಿನ ದೊರೆ ತನಗಾಗದ ಸರದಾರರಿಗೆ ಬಿಳಿಯಾನೆಯನ್ನು ಕೊಟ್ಟು ಕಳುಹಿಸುತ್ತಿದ್ದನೆಂಬ ಕಥೆಯುಂಟು. ಪವಿತ್ರವಾದ ಆನೆಯಿಂದ ಕೆಲಸ ಮಾಡಿಸುವಂತಿಲ್ಲ, ಸಾಕದೆ ಬಿಡುವಂತೆಯೂ ಇಲ್ಲ. ನಮ್ಮ ಕಾಲದ ಬಿಳಿಯಾನೆಗಳು ಚಿಕ್ಕವು. ಅಗ್ಗದ ಮುದ್ರಣಯಂತ್ರ ಮತ್ತು ಅದರ ದುಬಾರಿ ಮಸಿ. ಒಂದೇ ಕಂಪನಿಯ ಪುಡಿಯ ಬಿಲ್ಲೆಯನ್ನೇ ಬೇಡುವ ಕಾಫಿಯ ಯಂತ್ರ. ಮೊದಲ ವರ್ಷ ಪುಕ್ಕಟೆಯಾಗಿದ್ದು ಆಮೇಲೆ ಚಂದಾ ಕೇಳುವ ಮನರಂಜನೆ. ಇವುಗಳ ಮೇವಿನ ಖರ್ಚನ್ನು ವಿಚಾರಿಸದೆ ಯಾರಿಗೂ ಕೊಡಬಾರದು.

ಕೇಳದೆ ಕೊಡುವುದರ ಅಪಾಯಕ್ಕೆ ಓ. ಹೆನ್ರಿಯ 1905ರ ಕ್ರಿಸ್‌ಮಸ್ ಕಥೆಗಿಂತ ಹೆಸರಾದ ಉದಾಹರಣೆಯಿಲ್ಲ. ಹೆಂಡತಿ ತನ್ನ ನೀಳವಾದ ಕೂದಲನ್ನು ಮಾರಿ ಗಂಡನ ಗಡಿಯಾರಕ್ಕೆ ಸರಪಣಿ ತರುತ್ತಾಳೆ. ಗಂಡ ಆ ಗಡಿಯಾರವನ್ನೇ ಮಾರಿ ಅವಳ ಕೂದಲಿಗೆ ಹಣಿಗೆಗಳನ್ನು ತಂದಿರುತ್ತಾನೆ. ತರಗತಿಯಲ್ಲಿ ಇದನ್ನು ಓದಿಸುವಾಗ ನಾವು ಉಪಾಧ್ಯಾಯರು ಪ್ರೇಮದ ಮಹಿಮೆಯನ್ನು ವಿವರಿಸುತ್ತೇವೆ. ಅದು ಸರಿಯೇ. ಆದರೆ ಇಬ್ಬರೂ ತಂದುದು ತಕ್ಕಮಟ್ಟಿಗೆ ಉಪಯುಕ್ತ ವಸ್ತುಗಳನ್ನೇ ಎಂಬುದು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಹಿಂದಿನ ವಾರ ಒಂದು ಮಾತು ಆಡಿಕೊಂಡಿದ್ದರೆ ಗಡಿಯಾರ, ಕೂದಲು ಎರಡೂ ಉಳಿಯುತ್ತಿದ್ದುವು. ಕಥೆಯೇನೋ ಇಲ್ಲವಾಗುತ್ತಿತ್ತು.

ಇನ್ನು ಕೊಡುವವರ ಜೇಬಿನ ಮಾತು. ಪಂಖ, ಹೊಲಿಗೆಯ ಯಂತ್ರ, ಸಾಲದ ಅಸಲು ಇವೆಲ್ಲ ಒಬ್ಬ ಸಂಬಳದಾರನ ಡಿಸೆಂಬರಿಗೆ ಭಾರವೇ. ನಮ್ಮ ಹಳ್ಳಿಗಳ ಮದುವೆಗಳಲ್ಲಿ ಮುಯ್ಯಿ ಓದಿಸುವ ಪದ್ಧತಿ ಇದಕ್ಕೆ ದಾರಿಯನ್ನು ತೋರಿಸುತ್ತದೆ. ಬಂದವರೆಲ್ಲ ತಮ್ಮ ಕೈಲಾದುದನ್ನು ಕೊಡುತ್ತಾರೆ, ಒಬ್ಬರು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಹೊಸ ಸಂಸಾರಕ್ಕೆ ಒಂದು ಗಂಟು ಕೂಡಿಬರುತ್ತದೆ, ಮುಂದೆ ಅವರ ಮನೆಗಳ ಮದುವೆಗೆ ಅದು ಹಿಂದಿರುಗುತ್ತದೆ. ಐವರು ಒಡಹುಟ್ಟಿದವರು ತಾಯಿಗೆ ಐದು ಶಾಲುಗಳನ್ನು ಕೊಡುವ ಬದಲು ಕೂಡಿ ಒಂದು ಯಂತ್ರವನ್ನು ಕೊಡುವುದು ಈ ಮುಯ್ಯಿಯ ನಗರರೂಪವೇ ಸರಿ.

ಒಂಟಿಯಾಗಿ ಕೊಡುವವರು ಜನವರಿಯಿಂದಲೇ ಕೂಡಿಡಬೇಕು. ಅಮೆರಿಕದ ಪೆನ್ಸಿಲ್ವೇನಿಯಾ ಪ್ರಾಂತದ ಕಾರ್ಲೈಲ್ ಎಂಬ ಊರಿನ ಬ್ಯಾಂಕೊಂದು 1909ರಲ್ಲಿ ಕ್ರಿಸ್‌ಮಸ್ ಕ್ಲಬ್ ಎಂಬ ಖಾತೆಯನ್ನು ತೆರೆಯಿತು: ವಾರವಾರವೂ ಚಿಲ್ಲರೆ ಹಾಕಿ ಹಬ್ಬಕ್ಕೆ ಒಟ್ಟಾಗಿ ತೆಗೆಯುವ ಏರ್ಪಾಡು. ಅದು ದೇಶವೆಲ್ಲ ಹರಡಿತು. ಆದರೆ ಎಲ್ಲಿ ಕೂಡಿಡುತ್ತೇವೆಂಬುದನ್ನು ನೋಡಿಕೊಳ್ಳಬೇಕು. ಇಂಗ್ಲೆಂಡಿನಲ್ಲಿ ಫೇರ್‌ಪ್ಯಾಕ್ ಎಂಬ ಸಂಸ್ಥೆ ಇದೇ ರೀತಿ ಹಬ್ಬದ ಬುಟ್ಟಿಗಳಿಗೆಂದು ಹಣ ಕಟ್ಟಿಸಿಕೊಳ್ಳುತ್ತಿತ್ತು, ಅದು ಬ್ಯಾಂಕಾಗಿರಲಿಲ್ಲ. 2006ರ ಅಕ್ಟೋಬರಿನಲ್ಲಿ ಅದು ಮುಳುಗಿದಾಗ ಒಂದು ಲಕ್ಷಕ್ಕೂ ಹೆಚ್ಚು ಮಂದಿ, ಹೆಚ್ಚಿನವರು ಕಡಮೆ ಆದಾಯದವರೇ, ಹಬ್ಬಕ್ಕೆ ಎರಡು ತಿಂಗಳಿರುವಾಗ ಬರಿಗೈಯಾದರು. ನಮ್ಮ ಬಡಾವಣೆಗಳಲ್ಲಿ ಹಬ್ಬದ ಚೀಟಿ ಕಟ್ಟುವವರು ಈ ಕಥೆಯನ್ನು ನೆನೆಯುವುದು ಒಳ್ಳೆಯದು. ಅಂಚೆ ಕಚೇರಿಯ ಆವರ್ತ ಠೇವಣಿ ಅಷ್ಟು ರಂಗಾಗಿರದಿದ್ದರೂ ರಾತ್ರೋರಾತ್ರಿ ಬಾಗಿಲು ಹಾಕಿಕೊಂಡು ಹೋಗುವುದಿಲ್ಲ.

ಕೊಡುವಾಗ ರಸೀದಿಯನ್ನೂ ಖಾತರಿ ಚೀಟಿಯನ್ನೂ ಲಕೋಟೆಯಲ್ಲಿಟ್ಟು ಜೊತೆಗೆ ಕೊಡಬೇಕು. ಬೆಲೆಯನ್ನು ಮುಚ್ಚಿಡುವ ಸಂಕೋಚದಲ್ಲಿ ರಸೀದಿಯನ್ನು ಹರಿದುಹಾಕಿದರೆ ಮೋಟಾರು ಕೆಟ್ಟ ದಿನ ಖಾತರಿಯೂ ಹರಿದಂತೆ. ಪಂಖವಾದರೆ ಅದನ್ನು ತೂಗುಹಾಕುವವನ ಕೂಲಿಯೂ ಉಡುಗೊರೆಯೊಳಗೇ ಸೇರಬೇಕು. ಪೆಟ್ಟಿಗೆಯಲ್ಲಿ ಮಂಚದ ಕೆಳಗೆ ಮಲಗಿರುವ ಪಂಖ ಒಂದು ಯೂನಿಟ್ಟನ್ನೂ ಉಳಿಸದು. ಡಿಸೆಂಬರ್ 24ರ ಸಂಜೆ ವಿದ್ಯುತ್ ಕೆಲಸದವರೆಲ್ಲ ನಕ್ಷತ್ರದ ದೀಪಗಳನ್ನು ಕಟ್ಟುವುದರಲ್ಲಿರುತ್ತಾರೆ. 20ನೆಯ ತಾರೀಖಿನೊಳಗೆ ಹೇಳಿಟ್ಟರೆ ಬಂದಾರು.